ಚಂದ್ರತಾಲ, ಪರಾಶರ, ಕರೇರಿ: ಮೂರು ಸರೋವರಗಳ ಬಳಿ ಡೇರೆ ಹಾಕಿ ನೋಡಿದ್ದು

ರಾಯಚೂರಿನ ಬೇಸಿಗೆಗೂ ಹಿಮಾಲಯದ ಬೇಸಿಗೆಗೂ ತಿಂಗಳು ಹೊಂದುವುದಿಲ್ಲ. ನಮ್ಮಲ್ಲಿ ಏಪ್ರಿಲ್‌ಗೇ ಬಿಸಿಲು 40 ಡಿಗ್ರಿ ದಾಟುತ್ತದೆ, ಮಕ್ಕಳ ರಜೆ ಮೇ ಕೊನೆಗೆ ಮುಗಿಯುತ್ತದೆ. ಚಂದ್ರತಾಲದ ರಸ್ತೆಯ ಹಿಮ ಸರಿಸಿ ವಾಹನ ಬಿಡುವುದು ಸಾಮಾನ್ಯವಾಗಿ ಜೂನ್‌ನಲ್ಲಿ. ಮನೆಯ ತಾರಸಿ ಕಾದು ಮಲಗಲಾಗದ ದಿನಗಳಲ್ಲಿ ಆ ಕಡೆ ಹೋಗುವ ದಾರಿಯೇ ಮುಚ್ಚಿರುತ್ತದೆ. ದಾರಿ ತೆರೆಯುವ ಹೊತ್ತಿಗೆ ಇಲ್ಲಿ ಶಾಲೆಯ ಗಂಟೆ ಬಾರಿಸಿರುತ್ತದೆ, ಹೊಲದಲ್ಲಿ ಬಿತ್ತನೆಯ ಮಾತು ನಡೆದಿರುತ್ತದೆ. ಹಿಮಾಚಲದ ಮೂರು ಸರೋವರಗಳ ಹತ್ತಿರ ಮಲಗಿ ಎದ್ದ ಮೇಲೆ ನಾನು ಹಾಕುವ ಅಂಕಗಳಲ್ಲಿ ಅರ್ಧಪಾಲು ಈ ತಿಂಗಳ ಲೆಕ್ಕಕ್ಕೇ ಹೋಗುತ್ತದೆ.

ದೆಹಲಿಯವರೆಗಿನ ದಾರಿ ಮೂರಕ್ಕೂ ಒಂದೇ. ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ನವದೆಹಲಿಯಲ್ಲೇ ಇಳಿಯಬಹುದು. ಡೇರೆ, ಕಂಬಳಿ, ಪಾತ್ರೆ ಎಲ್ಲವನ್ನೂ ಸೀಟಿನ ಕೆಳಗೆ ತಳ್ಳಬಹುದು. ಗ್ಯಾಸ್ ಡಬ್ಬಿಯನ್ನು ಮಾತ್ರ ರೈಲಿನಲ್ಲಿ ಒಯ್ಯುವಂತಿಲ್ಲ. ಅದನ್ನು ಮನಾಲಿಯಲ್ಲೋ ಧರ್ಮಶಾಲೆಯಲ್ಲೋ ಕೊಳ್ಳಬೇಕು.

ನೋಟಕ್ಕೆ ಚಂದ್ರತಾಲವೇ ಮೊದಲು, ಅದರಲ್ಲಿ ವಾದವಿಲ್ಲ. ಲಾಹೌಲ್–ಸ್ಪಿತಿ ಜಿಲ್ಲೆಯಲ್ಲಿ, ಕುಂಜುಮ್ ಕಣಿವೆದಾರಿಯ ಸಮೀಪ, ಸುಮಾರು 4,300 ಮೀಟರ್ ಎತ್ತರದಲ್ಲಿ ಅರ್ಧಚಂದ್ರಾಕಾರದ ನೀಲಿ ನೀರು. ಗಿಡವಿಲ್ಲ, ಮರವಿಲ್ಲ. ಕಲ್ಲುಗುಡ್ಡಗಳ ನಡುವೆ ಬೆಳೆದ ನಮಗೆ ಬೋಳು ಬೆಟ್ಟ ಹೊಸದಲ್ಲವಾದರೂ ಅಲ್ಲಿಯ ಬೋಳುತನದ ಅಳತೆಯೇ ಬೇರೆ. ಆದರೆ ದಂಡೆಯಲ್ಲಿ ಡೇರೆ ಹಾಕಲು ಬಿಡುವುದಿಲ್ಲ. 2005ರಿಂದ ಇದು ರಾಮ್ಸಾರ್ ಪಟ್ಟಿಯಲ್ಲಿದೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಯಲ್ಲಿ. ಡೇರೆಗಳ ಸಾಲು ಕೆಲವು ಕಿಲೋಮೀಟರ್ ಈಚೆಗೇ ನಿಲ್ಲುತ್ತದೆ; ವಾಹನ ನಿಲ್ಲಿಸಿದ ಮೇಲೂ ನೀರಿಗೆ ನಡೆದೇ ಹೋಗಬೇಕು. ‘ಸರೋವರದ ಪಕ್ಕದಲ್ಲಿ ಮಲಗಿದೆವು’ ಎಂದು ಹೇಳಿಕೊಳ್ಳುವ ಆಸೆಯಿದ್ದವರಿಗೆ ಇಲ್ಲಿ ನಿರಾಸೆ ಖಚಿತ. ನನಗೆ ಆ ನಿಯಮ ಸರಿಯೆನಿಸಿತು. ದಂಡೆಯವರೆಗೆ ಡೇರೆ ಬಿಟ್ಟಿದ್ದರೆ ಆ ನೀರಿನ ಬಣ್ಣ ಎಂದೋ ಕೆಟ್ಟಿರುತ್ತಿತ್ತು.

ಕಷ್ಟವಿರುವುದು ಎತ್ತರದಲ್ಲಿ. ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್, ಮನಾಲಿ 2,000 ಮೀಟರ್‌ಗಿಂತ ತುಸು ಮೇಲೆ. ಅಟಲ್ ಸುರಂಗ 2020ರಲ್ಲಿ ತೆರೆದ ಮೇಲೆ ಮನಾಲಿಯಿಂದ ಬೆಳಿಗ್ಗೆ ಹೊರಟು ಗ್ರಾಂಫು, ಛತ್ರು, ಬಾತಲ್ ದಾಟಿ ಸಂಜೆಗೆ ಚಂದ್ರತಾಲ ಸೇರಬಹುದು. ಸೇರಬಹುದು ಎಂದೇ ಎಲ್ಲರೂ ಹಾಗೆ ಮಾಡುತ್ತಾರೆ, ರಾತ್ರಿ ತಲೆ ಹಿಡಿದು ಕೂರುತ್ತಾರೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು ಎಂಬುದು ವೈದ್ಯರ ಮಾತು. ಇಲ್ಲಿ ಒಂದೇ ದಿನಕ್ಕೆ ಎರಡು ಸಾವಿರಕ್ಕೂ ಮಿಕ್ಕಿ ಏರುತ್ತೇವೆ. ಗಾಳಿಯ ಒತ್ತಡ ಸಮುದ್ರಮಟ್ಟದ ಹೆಚ್ಚುಕಡಿಮೆ 60 ಪ್ರತಿಶತ. ನಮ್ಮ ತಂಡದಲ್ಲಿ ದಿನವೂ ವ್ಯಾಯಾಮ ಮಾಡುವ ತರುಣನಿಗೇ ಮೊದಲು ವಾಂತಿ ಶುರುವಾಯಿತು. ಬೀಡಿ ಸೇದುವ ನಮ್ಮ ಸೋದರಮಾವ ನೆಟ್ಟಗೆ ಓಡಾಡಿಕೊಂಡಿದ್ದರು. ದೇಹದ ಕಸುವಿಗೂ ಇದಕ್ಕೂ ಸಂಬಂಧವಿಲ್ಲ. ಶಿಮ್ಲಾ, ಕಿನ್ನೌರ್, ಕಾಜಾ ಸುತ್ತಿ ನಿಧಾನವಾಗಿ ಏರಿದರೆ ಒಳ್ಳೆಯದು, ಆದರೆ ಅದಕ್ಕೆ ರಜೆ ಇನ್ನಷ್ಟು ಬೇಕು.

ಅಡುಗೆಯ ಕಥೆಯೂ ಹಾಗೇ. ಆ ಎತ್ತರದಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಎಷ್ಟು ಕುದಿಸಿದರೂ ಅಕ್ಕಿಯ ನಡುವೆ ಗಟ್ಟಿ ಉಳಿಯುತ್ತದೆ. ಸೋನಾ ಮಸೂರಿ ಬೆಳೆಯುವ ಸೀಮೆಯವರಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಕುಕ್ಕರ್ ಇಲ್ಲದಿದ್ದರೆ ಅಕ್ಕಿ ಒಯ್ಯಬೇಡಿ. ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿಗೆ ಎತ್ತರದ ಹಂಗಿಲ್ಲ.

ಚಂದ್ರತಾಲದ ಪಾಲಿಗೆ ಒಂದು ದೊಡ್ಡ ಲಾಭವಿದೆ: ಸ್ಪಿತಿ ಮಳೆನೆರಳಿನ ನಾಡು. ಜುಲೈ, ಆಗಸ್ಟ್‌ನಲ್ಲಿ ಉಳಿದ ಹಿಮಾಚಲ ತೊಯ್ದು ತೊಪ್ಪೆಯಾಗಿರುವಾಗ ಅಲ್ಲಿ ಮಳೆ ಕಡಿಮೆ. ಆದರೆ ಮನಾಲಿಯ ಕಡೆಯ ದಾರಿ ಕುಸಿದರೆ ಆ ಲಾಭ ದಾರಿಯಲ್ಲೇ ಕಳೆದುಹೋಗುತ್ತದೆ.

ಪರಾಶರ ಸರೋವರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಂಡಿ ಪಟ್ಟಣದಿಂದ 50 ಕಿಲೋಮೀಟರ್ ಒಳಗೆ, 2,730 ಮೀಟರ್ ಎತ್ತರ, ಹತ್ತಿರದವರೆಗೂ ರಸ್ತೆ. ಮೂರು ಅಂತಸ್ತಿನ ಪಗೋಡಾ ಮಾದರಿಯ ಮರದ ಗುಡಿ ಬಲು ಸೊಗಸು. ಸರೋವರದೊಳಗಿನ ತೇಲುವ ಹುಲ್ಲುದಿಬ್ಬ ಮಕ್ಕಳಿಗೆ ಅಚ್ಚರಿ. ನೀರಿಗೆ ಬೇಲಿಯಿದೆ, ಋಷಿಯ ಸರೋವರವಾದ್ದರಿಂದ ಯಾರೂ ಇಳಿಯುವಂತಿಲ್ಲ. ಹಿರಿಯರನ್ನು ಕರೆದುಕೊಂಡು ಹೋಗುವುದಿದ್ದರೆ ಇದೇ ಸರಿ. ನಮ್ಮತ್ತಿಗೆ ಮೊಣಕಾಲು ನೋವಿದ್ದೂ ಸುತ್ತು ಹಾಕಿ ಬಂದು, ‘ಗುಡಿಗೆ ಬಂದಂತಾಯಿತು, ಬೆಟ್ಟಕ್ಕೆ ಬಂದಂತಾಗಲಿಲ್ಲ’ ಎಂದರು. ರಜೆಯ ದಿನ ಜನಜಂಗುಳಿ ಹಾಗಿರುತ್ತದೆ.

ಕರೇರಿ ನನ್ನ ಆಯ್ಕೆ. ಕಾಂಗ್ರಾ ಜಿಲ್ಲೆ, ಧೌಲಾಧಾರ್ ಸಾಲು, ಸುಮಾರು 2,930 ಮೀಟರ್. ಕರೇರಿ ಹಳ್ಳಿಯಿಂದ ಹಳ್ಳದ ಪಕ್ಕದಲ್ಲೇ ಏರುವ, ಸುಮಾರು 13 ಕಿಲೋಮೀಟರ್ ನಡಿಗೆ. ಬಸ್ಸಿಲ್ಲ, ಕಾರಿಲ್ಲ; ಕಾಲೇ ಗತಿ. ಸರೋವರ ಚಂದ್ರತಾಲದಷ್ಟು ದೊಡ್ಡದಲ್ಲ, ನೀಲಿಯೂ ಅಲ್ಲ, ಹಸಿರು ಛಾಯೆ. ದಿಬ್ಬದ ಮೇಲೆ ಸಣ್ಣ ಶಿವನ ಗುಡಿ. ಆದರೆ ನಾವು ಡೇರೆ ಹೊಡೆದ ಜಾಗದಿಂದ ನೀರು ಕಣ್ಣಳತೆಯಲ್ಲೇ ಇತ್ತು, ಮೇ ತಿಂಗಳಲ್ಲಿ ಎದುರಿನ ಬೆಟ್ಟದ ಮೇಲೆ ಹಿಮವೂ ಇತ್ತು. ನಡೆದು ಏರುವುದರಿಂದ ದೇಹವೂ ಒಗ್ಗಿಕೊಳ್ಳುತ್ತದೆ; ಯಾರಿಗೂ ತಲೆ ಸಿಡಿಯಲಿಲ್ಲ, ರಾತ್ರಿ ನಿದ್ದೆ ಬಂತು.

ಅಲ್ಲಿಯೇ ಹಾಸಿಗೆಗಳ ಪರೀಕ್ಷೆಯೂ ಆಯಿತು. ಬಾಡಿಗೆಗೆ ತಂದ ಮಲಗುಚೀಲ ಬೆಚ್ಚಗಿತ್ತು, ಆದರೆ ಕೆಳಗಿನ ನೆಲ ತಣ್ಣಗೆ ಕೊರೆಯುತ್ತಿತ್ತು. ತೆಳ್ಳನೆಯ ಫೋಮ್ ಚಾಪೆಗೆ ಅದನ್ನು ತಡೆಯಲಾಗಲಿಲ್ಲ. ನಮ್ಮೂರ ಕುರುಬರು ನೇಯ್ದ ಕರಿಕಂಬಳಿಯನ್ನು ಚಾಪೆಯ ಮೇಲೆ ಮಡಚಿ ಹಾಸಿದ ಮೇಲೆಯೇ ಬೆನ್ನಿಗೆ ಸುಖ. ಒದ್ದೆಯಾದರೆ ಕಂಬಳಿ ಹೊರಲಾರದಷ್ಟು ಭಾರ, ವಾಸನೆಯೂ ಇದೆ. ಆದರೂ ಮುಂದಿನ ಸಲ ಚಾಪೆ ಬಿಟ್ಟೇನು, ಕಂಬಳಿ ಬಿಡಲಾರೆ. ಕುರಿ ಹೊಡೆದುಕೊಂಡು ಮೇಲಕ್ಕೆ ಹೊರಟಿದ್ದ ಗದ್ದಿ ಸಮುದಾಯದ ಕುರಿಗಾಹಿಯೊಬ್ಬ ಅದರ ಅಂಚನ್ನು ಬೆರಳಲ್ಲಿ ಹೊಸಕಿ ನೋಡಿ, ಬೆಲೆ ಕೇಳಿದ. ಹೇಳಿದ ಮೇಲೆ ನಕ್ಕ. ಹೆಚ್ಚಾಯಿತೆಂದೋ ಕಡಿಮೆಯಾಯಿತೆಂದೋ ತಿಳಿಯಲಿಲ್ಲ.

ಕರೇರಿಗೂ ಗಡುವಿದೆ. ಮುಂಗಾರು ಬಂದರೆ ಆ ಹಳ್ಳ ನಂಬುವಂಥದ್ದಲ್ಲ, ಮಳೆಗಾಲದಲ್ಲಿ ಜಿಲ್ಲಾಡಳಿತ ಚಾರಣ ನಿಲ್ಲಿಸುವುದೂ ಉಂಟು. ಮೇ ಅಥವಾ ಜೂನ್ ಮೊದಲಾರ್ಧ, ಇಲ್ಲವೇ ಮಳೆ ಹಿಂದೆ ಸರಿದ ಮೇಲೆ ಹೋಗಬೇಕು.

ಇಷ್ಟು ದೂರ ಯಾಕೆ, ಸಣಾಪುರದ ಕೆರೆಯಿಲ್ಲವೇ ಎಂದು ಕೊಪ್ಪಳದ ಗೆಳೆಯರು ಕೇಳುತ್ತಾರೆ. ಡಿಸೆಂಬರ್‌ನಲ್ಲಿ ಕೇಳಿದರೆ ಹೌದೆನ್ನುತ್ತೇನೆ. ಮೇ ತಿಂಗಳಲ್ಲಿ ಅಲ್ಲಿಯ ಬಂಡೆಗಳು ಹಗಲಿಡೀ ಕುಡಿದ ಬಿಸಿಲನ್ನು ರಾತ್ರಿಯಿಡೀ ಕಕ್ಕುತ್ತಿರುತ್ತವೆ.

ಮಕ್ಕಳ ರಜೆಯಲ್ಲೇ ಹೋಗುವವರು ಕರೇರಿ, ಮೊಣಕಾಲು ಕೇಳದವರಿದ್ದರೆ ಪರಾಶರ. ಜುಲೈನಲ್ಲಿ ಧಾರಾಳವಾಗಿ ರಜೆ ಸಿಗುವವರು ಮಾತ್ರ ಚಂದ್ರತಾಲ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನಕ್ಕೆ ಇಳಿದಿದೆ. ಮೇ ಮೊದಲ ವಾರ ಹೊರಡಬೇಕೆಂದರೆ ಮಾರ್ಚ್ ಮೊದಲ ವಾರದ ಬೆಳಿಗ್ಗೆ ಎಂಟಕ್ಕೆ ಮೊಬೈಲ್ ಹಿಡಿದು ಕೂತಿರಿ.