ಕ್ರೇಪ್ ಮಿರ್ಟಲ್ ಹಚ್ಚುವ ಮೊದಲು ತೆಗ್ಗಿನ ಮಣ್ಣು ನೋಡಿ

ಹೋದ ವಾರ ನಮ್ಮ ಓಣಿಗೆ ಮತ್ತೆ ಗಿಡದ ಗಾಡಿ ಬಂದಿತ್ತು. ಗಾಡಿ ತುಂಬ ಗುಲಾಬಿ ಬಣ್ಣದ ಕ್ರೇಪ್ ಮಿರ್ಟಲ್. ಎದುರು ಮನೆಯವರು ಎರಡು ಕೊಂಡು ಕಂಪೌಂಡಿನ ಬುಡಕ್ಕೇ ತೆಗ್ಗು ತೋಡಿಸುತ್ತಿದ್ದರು. ಓಡಿಹೋಗಿ ನಿಲ್ಲಿಸಿದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ವಿಜಯಪುರದ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸಿದವರು ದಯವಿಟ್ಟು ಪೂರ್ತಿ ಓದಿ.

ನಾವು ಹೊಸ ಮನೆಗೆ ಬಂದಾಗ ಅತ್ತೆಯವರು ಕೇಳಿದ್ದು ಒಂದೇ ಮಾತು: "ಬಾಗಲಾ ತಗದ ಕೂಡ್ಲೇ ಹೂವು ಕಾಣಬೇಕ್ ನೋಡವಾ." ಅದೇ ಮಳೆಗಾಲದಲ್ಲಿ 250 ರೂಪಾಯಿ ಕೊಟ್ಟು ಹೂಬಿಟ್ಟ ಗಿಡವನ್ನೇ ಆರಿಸಿ ತಂದೆ. ಸುಕ್ಕುಸುಕ್ಕಾದ ಎಸಳು, ಒಂದೊಂದು ಟೊಂಗೆಯ ತುದಿಗೂ ಒಂದೊಂದು ಗೊಂಚಲು. ಮಾರುವವನು, "ಕಣ್ಣ ಮುಚ್ಚಿ ಹಚ್ರಿ ಅಕ್ಕಾರ, ಬಿಸಲ ತಡೀತೈತಿ, ನೀರೂ ಭಾಳ ಬೇಡಂಗಿಲ್ಲ" ಅಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಬೇರು ಹಿಡಿದ ಮೇಲೆ ಈ ಗಿಡ ನಮ್ಮ ಬೇಸಿಗೆಗೆ ಜಗ್ಗುವುದಿಲ್ಲ. ದಿನಕ್ಕೆ ಆರು ತಾಸಾದರೂ ನೇರ ಬಿಸಿಲು ಇಲ್ಲದಿದ್ದರೆ ಸರಿಯಾಗಿ ಹೂವನ್ನೂ ಬಿಡುವುದಿಲ್ಲ. ಆದರೆ ಮಣ್ಣಿನ ಬಗ್ಗೆ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇದಕ್ಕೆ ಬೇಕಾದದ್ದು ತುಸು ಹುಳಿ ಗುಣದ, ನೀರು ಬಸಿದುಹೋಗುವ ಮಣ್ಣು. ನಮ್ಮಲ್ಲಿರುವುದು ಸುಣ್ಣದ ಹರಳು ತುಂಬಿದ ಎರಿ, ಅಂದರೆ ಕಪ್ಪು ಮಣ್ಣು.

ಮೊದಲ ವರ್ಷ ಏನೂ ಗೊತ್ತಾಗಲಿಲ್ಲ. ಕವರಿನ ಮಣ್ಣಿನ ಬಲದಲ್ಲೇ ಗಿಡ ಬದುಕಿತ್ತು. ಎರಡನೆಯ ವರ್ಷ ಹೊಸ ಚಿಗುರೆಲ್ಲ ಹಳದಿಯಾಗಿ ಬರತೊಡಗಿತು. ಎಲೆ ಹಳದಿ, ನರ ಮಾತ್ರ ಹಸಿರು. ಹಳೆಯ ಎಲೆಗಳು ಚೆನ್ನಾಗಿಯೇ ಇದ್ದವು. ಆ ವ್ಯತ್ಯಾಸ ಕಣ್ಣೆದುರೇ ಇದ್ದರೂ ನನಗೆ ತಿಳಿಯಲಿಲ್ಲ. ಎಲೆ ಹಳದಿಯಾದರೆ ಗೊಬ್ಬರ ಕಡಿಮೆ ಎಂದು ಎಲ್ಲರೂ ಹೇಳುವಂತೆ ನಾನೂ ನಂಬಿ ಯೂರಿಯಾ ಹಾಕಿದೆ, ಆಮೇಲೆ ರಂಜಕ ಹೆಚ್ಚಿರುವ ಡಿಎಪಿ ಗೊಬ್ಬರ ಹಾಕಿದೆ. ಯೂರಿಯಾಕ್ಕೆ ಗಿಡ ಮೆತ್ತನೆಯ ಉದ್ದ ಟೊಂಗೆ ಬಿಟ್ಟಿತು, ಹೂವು ಬಿಡಲಿಲ್ಲ. ಆ ಎಳೆ ಚಿಗುರಿಗೆ ಸಸ್ಯಹೇನು ಮುತ್ತಿ, ಅದರ ಅಂಟಿನ ಮೇಲೆ ಕರಿ ಬೂಷ್ಟು ಕೂತಿತು. ಡಿಎಪಿಯಿಂದ ಹಳದಿ ಇನ್ನೂ ಹೆಚ್ಚಾಯಿತು. ರಂಜಕ ಹೆಚ್ಚಾದರೆ ಗಿಡ ಕಬ್ಬಿಣವನ್ನು ಇನ್ನಷ್ಟು ಕಡಿಮೆ ಬಳಸಿಕೊಳ್ಳುತ್ತದೆ. ನಮ್ಮ ಗಿಡದ ಕೊರತೆ ಇದ್ದದ್ದೇ ಕಬ್ಬಿಣದ್ದು. ಹೊಸ ಎಲೆ ಮೊದಲು ಹಳದಿಯಾದರೆ ಕಬ್ಬಿಣದ ಕೊರತೆ, ಹಳೆಯ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ. ಇಷ್ಟು ಗೊತ್ತಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ಇದರ ಮೇಲೆ ಫೆಬ್ರುವರಿಯಲ್ಲಿ ತೋಟದ ಕೆಲಸಕ್ಕೆ ಬಂದ ಒಬ್ಬರು, "ಕಡದ ಬಿಡ್ರಿ ಬಾಯಾರ, ಹೊಸಾದು ಚಂದ ಬರ್ತೈತಿ" ಎಂದು ಸೊಂಟದ ಮಟ್ಟಕ್ಕೆ ಕೊಯ್ದುಬಿಟ್ಟರು. ನಾನೇ ಒಪ್ಪಿದ್ದೆ. ಈ ಗಿಡ ಹೂವು ಬಿಡುವುದು ಆ ವರ್ಷದ ಹೊಸ ಟೊಂಗೆಯ ತುದಿಯಲ್ಲಿ ಎನ್ನುವುದು ನಿಜ. ಹಾಗೆಂದು ಬೊಡ್ಡೆ ಉಳಿಯುವ ಹಾಗೆ ಕಡಿದರೆ ಕೊಯ್ದ ಜಾಗದಿಂದ ಹತ್ತಾರು ಬಡಕಲು ಕಡ್ಡಿಗಳು ಎದ್ದು, ಹೂವಿನ ಭಾರಕ್ಕೂ ಮಳೆಯ ಭಾರಕ್ಕೂ ತಾಳದೆ ಬಾಗಿ ಮುರಿಯುತ್ತವೆ. ನಮ್ಮಲ್ಲೂ ಆ ವರ್ಷ ಬಿಟ್ಟ ನಾಲ್ಕೇ ಗೊಂಚಲು ಒಂದೇ ಮಳೆಗೆ ನೆಲ ಮುಟ್ಟಿದವು. ಚಳಿಗಾಲ ಮುಗಿಯುವಾಗ ಪೆನ್ಸಿಲ್ ದಪ್ಪಕ್ಕಿಂತ ಸಣ್ಣ ಕಡ್ಡಿ, ಒಂದಕ್ಕೊಂದು ತಿಕ್ಕುವ ಟೊಂಗೆ, ಬುಡದಿಂದ ಏಳುವ ಮರಿಗಳನ್ನು ತೆಗೆದರೆ ಸಾಕು. ಬಾಡಿದ ಗೊಂಚಲನ್ನು ಕಾಯಿ ಕಟ್ಟುವ ಮೊದಲೇ ಚಿವುಟಿದರೆ ಇನ್ನೊಂದು ಸಲ ಹೂವು ಬರುತ್ತದೆ.

ಕಡೆಗೆ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಓದಿದ ನಮ್ಮ ತಮ್ಮ ದೀಪಾವಳಿಗೆ ಬಂದ. ಎಲೆ ನೋಡಿ ಏನೂ ಹೇಳದೆ ಬುಡದ ಮಣ್ಣು ತೋಡಿದ. ಮೊಣಕೈ ಆಳಕ್ಕೆ ಸಿಮೆಂಟಿನ ಗಟ್ಟಿ, ಇಟ್ಟಿಗೆ ಚೂರು, ಗಿಲಾವಿನ ಪುಡಿ! ಮನೆ ಕಟ್ಟಿದವರು ಉಳಿದ ಕಸವನ್ನೆಲ್ಲ ಕಂಪೌಂಡಿನ ಉದ್ದಕ್ಕೂ ಹೂತು, ಮೇಲೆ ಒಂದಡಿ ಎರಿ ಎಳೆದು ಹೋಗಿದ್ದರು. ಸಿಮೆಂಟೂ ಸುಣ್ಣವೇ. ಸಾಲದ್ದಕ್ಕೆ ದಿನವೂ ಹಾಕುತ್ತಿದ್ದದ್ದು ಬೋರಿನ ಗಡಸು ನೀರು, ಬಕೆಟ್ಟಿಗೆ ಬಿಳಿ ಪದರ ಕಟ್ಟುವಂಥದ್ದು. ಮಣ್ಣು ಪರೀಕ್ಷೆಗೆ ಕೊಟ್ಟಾಗ ಪಿಎಚ್ 8.4 ಬಂತು, ಅಂದರೆ ಹುಳಿಯಲ್ಲ, ಕ್ಷಾರದ ಮಣ್ಣು. ಅಂಥ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಅನ್ನಭೇದಿ (ಕಬ್ಬಿಣದ ಸಲ್ಫೇಟ್) ತಂದು ಬುಡಕ್ಕೆ ಸುರಿದರೂ ಸುಣ್ಣ ಅದನ್ನು ಕಟ್ಟಿಹಾಕುತ್ತದೆ. ಲೀಟರಿಗೆ 5 ಗ್ರಾಂ ಅನ್ನಭೇದಿ, ಸ್ವಲ್ಪ ಲಿಂಬೆರಸ ಸೇರಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿದೆವು. ಹತ್ತು ದಿನದಲ್ಲಿ ಎಲೆ ಹಸಿರಾಯಿತು, ಮುಂದಿನ ಚಿಗುರು ಮತ್ತೆ ಹಳದಿ. ಬೇರು ಸುಣ್ಣದಲ್ಲೇ ಇರುವಾಗ ಎಷ್ಟು ದಿನ ಹೀಗೆ ಸಿಂಪಡಿಸುವುದು?

ಕಿತ್ತೆವು. ಮೂರು ವರ್ಷದ ಗಿಡ, ಬೇರು ಮಾತ್ರ ಇನ್ನೂ ಪ್ಲಾಸ್ಟಿಕ್ ಕವರಿನ ಆಕಾರದಲ್ಲೇ ಸುತ್ತಿಕೊಂಡಿತ್ತು. ನೋಡಿ ನನಗೆ ಅಳು ಬಂತು. ಹಚ್ಚುವ ದಿನ ಆ ಸುತ್ತನ್ನು ಕೈಯಿಂದ ಬಿಡಿಸಿ, ಸುತ್ತಿದ ಬೇರನ್ನು ಕತ್ತರಿಸಬೇಕಿತ್ತಂತೆ. ನಾನು ಕವರು ಹರಿದು ಹಾಗೇ ಇಟ್ಟಿದ್ದೆ.

ಇನ್ನೊಂದು ಮಾತು ಹೇಳಲೇಬೇಕು. ಗಾಡಿಗಳಲ್ಲಿ ಇದೇ ಹೆಸರಿಟ್ಟು ಹೊಳೆದಾಸವಾಳವನ್ನೂ ಮಾರುತ್ತಾರೆ. ಎರಡೂ ಒಂದೇ ಕುಲದವು, ಆದರೆ ಹೊಳೆದಾಸವಾಳ ದೊಡ್ಡ ಮರ. ಮಹಾರಾಷ್ಟ್ರದವರು ತಾಮ್ಹಣ ಎನ್ನುತ್ತಾರೆ, ಅವರ ರಾಜ್ಯಪುಷ್ಪ ಅದೇ. ಬೆಳಗಾವಿ ಕಡೆಯವರಿಗೆ ಆ ಹೆಸರು ಹೊಸದಲ್ಲ. ಸುಂದರ ಮರ, ಆದರೆ 30–40 ಸೈಟಿನ ಗೋಡೆಯ ಪಕ್ಕಕ್ಕೆ ಬೇಡ. ಎಲೆ ಅಳೆದು ನೋಡಿ: ಎರಡು-ಮೂರು ಇಂಚಿನದಾದರೆ ಕ್ರೇಪ್ ಮಿರ್ಟಲ್, ಅಂಗೈಗಿಂತ ಉದ್ದವಾದರೆ ಹೊಳೆದಾಸವಾಳ.

ಈಗ ಕಂಪೌಂಡಿನಿಂದ ಎಂಟಡಿ ದೂರ ಮೂರಡಿ ಅಗಲದ ತೆಗ್ಗು ತೋಡಿ, ಕಸವೆಲ್ಲ ಎತ್ತಿಸಿ, ಟ್ರ್ಯಾಕ್ಟರಿನಲ್ಲಿ ಮಸಾರಿ (ಕೆಂಪು) ಮಣ್ಣು ತರಿಸಿದ್ದೇವೆ. ಅದಕ್ಕೆ ಕಳಿತ ಸಗಣಿ ಗೊಬ್ಬರ ಕಲಸಿ, ನೀರು ನಿಲ್ಲದಂತೆ ನೆಲಕ್ಕಿಂತ ಒಂದು ಗೇಣು ಎತ್ತರಿಸಿ ಹೊಸ ಗಿಡ ಹಚ್ಚಿದ್ದೇವೆ. ನೀರು ಮಾಳಿಗೆಯಿಂದ ಹಿಡಿದ ಮಳೆನೀರು. ಅದು ಮುಗಿದಾಗ ಮಾತ್ರ ಬೋರಿನದು. ಸುತ್ತಲಿನ ಎರಿಯ ಸುಣ್ಣ ಮೆಲ್ಲಗೆ ಒಳಗೆ ಬರುತ್ತದೆ ಎಂದು ತಮ್ಮ ಎಚ್ಚರಿಸಿದ್ದಾನೆ, ಅದಕ್ಕೆ ವರ್ಷಕ್ಕೊಮ್ಮೆ ಮಣ್ಣು ಪರೀಕ್ಷೆ ಮಾಡಿಸುತ್ತೇನೆ. ಚಿಗುರು ಈ ಸಲ ಕೆಂಪಗೆ ಬಂದು ಹಸಿರಾಗುತ್ತಿದೆ. ಅತ್ತೆಯವರು ಬೆಳಿಗ್ಗೆ ಬಾಗಿಲು ತೆಗೆದವರು ಮೊದಲು ಅದರ ಹತ್ತಿರ ಹೋಗಿ ಎಲೆ ಮುಟ್ಟಿ ನೋಡುತ್ತಾರೆ. ಎದುರು ಮನೆಯವರ ತೆಗ್ಗಿನಲ್ಲೂ ಎರಡು ಬುಟ್ಟಿ ಸಿಮೆಂಟಿನ ಗಟ್ಟಿ ಸಿಕ್ಕಿತು.