ಸೆಮಿನಾರಿಗೆ ಯಾವ ನಾಟಕ: ‘ಸ್ಟ್ರೀಟ್‌ಕಾರ್’ ತಗೊಳ್ಳಲಾ, ‘ಸೇಲ್ಸ್‌ಮನ್’ ತಗೊಳ್ಳಲಾ?

ಗಂಡು-ಹೆಣ್ಣಿನ ನಡುವಿನ ಅಧಿಕಾರದ ಬಗ್ಗೆ ಪೇಪರ್ ಬರೆಯಲು ಯಾವುದು ಸರಿ ಅಂತ ಕೇಳಿದ್ದೀರಿ. ಒಂದು ಟೆನೆಸ್ಸೀ ವಿಲಿಯಮ್ಸ್‌ನ ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ (1947). ಇನ್ನೊಂದು ಆರ್ಥರ್ ಮಿಲ್ಲರ್‌ನ ‘ಡೆತ್ ಆಫ್ ಎ ಸೇಲ್ಸ್‌ಮನ್’ (1949).

ಜಗ್ಗಾಟ ಕಣ್ಣೆದುರೇ ಕಾಣಬೇಕಾದರೆ ಮೊದಲನೆಯದು. ನ್ಯೂ ಆರ್ಲಿಯನ್ಸ್‌ನ ಇಕ್ಕಟ್ಟಾದ ಮನೆ. ಸ್ಟಾನ್ಲಿ ಹೆಂಡತಿ ಸ್ಟೆಲ್ಲಾಳತ್ತ ಮಾಂಸದ ಪೊಟ್ಟಣ ಎಸೆಯುತ್ತಲೇ ಬರುತ್ತಾನೆ. ಅವಳ ಅಕ್ಕ ಬ್ಲಾಂಚ್ ತವರಿನ ಆಸ್ತಿ ಹೋಯಿತು ಎಂದಾಗ ಹೆಂಡತಿಯದ್ದೆಲ್ಲ ಗಂಡನದ್ದೂ ಹೌದು ಅಂತ ನೆಪೋಲಿಯನ್ ಕಾಲದ ಕಾಯ್ದೆ ತೆಗೆಯುತ್ತಾನೆ. ಕೊನೆಗೆ ಬ್ಲಾಂಚ್ ಮೇಲೆ ಅತ್ಯಾಚಾರ. ಸ್ಟೆಲ್ಲಾ ಅಕ್ಕನನ್ನು ನಂಬಿದರೆ ಗಂಡನ ಜೊತೆ ಬಾಳಲಾಗದು, ಅದಕ್ಕೇ ನಂಬುವುದಿಲ್ಲ. ನನ್ನ ಪ್ರಕಾರ ಪೇಪರಿನ ಜೀವಾಳ ಇಲ್ಲೇ ಇದೆ.

ಗಂಡಸುತನದ ಭ್ರಮೆ ಗಂಡಸನ್ನೇ ಹೇಗೆ ತಿನ್ನುತ್ತದೆ ಎಂಬುದು ನಿಮ್ಮ ವಿಷಯವಾದರೆ ‘ಸೇಲ್ಸ್‌ಮನ್’ನ ನಾಯಕ ವಿಲ್ಲಿ ಲೋಮನ್‌ನ ಕಡೆ ಹೋಗಿ. ಅವನ ಹೆಂಡತಿ ಲಿಂಡಾ ಸುಮ್ನೆ ಸಹಿಸುವವಳಲ್ಲ, ಮಕ್ಕಳನ್ನು ಗದರಿಸುತ್ತಾಳೆ. ಗಂಡನೆದುರು ಮಾತ್ರ ದನಿ ತಗ್ಗುತ್ತದೆ.

ಸಂಕೇತಗಳಲ್ಲಿ ಬ್ಲಾಂಚ್ ಬಲ್ಬಿಗೆ ಹಾಕುವ ಕಾಗದದ ಲಾಂದ್ರ ಪ್ರಸಿದ್ಧ. ಅದರ ಬಗ್ಗೆ ಎಲ್ಲರೂ ಬರೆದಾಗಿದೆ. ನನಗೆ ‘ಸೇಲ್ಸ್‌ಮನ್’ನ ಸ್ಟಾಕಿಂಗ್ಸ್ ಜಾಸ್ತಿ ಇಷ್ಟ. ಹೆಂಡತಿ ಹರಿದದ್ದನ್ನು ಹೊಲಿಯುತ್ತಾಳೆ, ವಿಲ್ಲಿ ಗುಟ್ಟಾಗಿ ಸಂಬಂಧ ಇಟ್ಟುಕೊಂಡ ಬಾಸ್ಟನ್ನಿನ ಹೆಂಗಸಿಗೆ ಹೊಸದು ಸಿಗುತ್ತದೆ. ಇಷ್ಟು ಸಾಕಲ್ವಾ?

ಟೈಮ್ ಕಡಿಮೆ ಇದ್ದರೆ ‘ಸ್ಟ್ರೀಟ್‌ಕಾರ್’ ಸುಲಭ. 11 ದೃಶ್ಯಗಳು, ಕಥೆ ನೇರ. ಮಿಲ್ಲರ್‌ನಲ್ಲಿ ಹಿಂದಿನದ್ದು, ಇಂದಿನದ್ದು ಬೆರೆತಿರುತ್ತದೆ. ಆದರೆ ‘ಸ್ಟ್ರೀಟ್‌ಕಾರ್’ನ 1951ರ ಸಿನಿಮಾ ನೋಡಿ ಬರೆಯಬೇಡಿ: ಅದರಲ್ಲಿ ಸ್ಟೆಲ್ಲಾ ಮಗುವನ್ನೆತ್ತಿಕೊಂಡು ಗಂಡನಿಂದ ದೂರ ಹೋಗುತ್ತಾಳೆ, ನಾಟಕದಲ್ಲಿ ಹಾಗಿಲ್ಲ.