ರೋಗಿಯ ವಿಡಿಯೋ ಮಾಡ್ಲಿಕ್ಕೆ ಬರುವ ಚಾರಿಟಿಯವರ ಕಾಗದಕ್ಕೆ ಸೈನ್ ಹಾಕುವ ಮೊದಲು ಇದನ್ನು ಓದಿ

ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಮಂಜೇಶ್ವರ ಕಡೆಯವ್ರು, ಮನೆಯಲ್ಲಿ ಕಿಡ್ನಿದೋ ಕ್ಯಾನ್ಸರಿಂದೋ ರೋಗಿ ಇರುವವ್ರು ದಯವಿಟ್ಟು ಪೂರ್ತಿ ಓದಿ, ಸ್ವಲ್ಪ ಉದ್ದ ಉಂಟು. ಕ್ಯಾಮರಾ ಹಿಡ್ಕೊಂಡು ಮನೆಗೇ ಬಂದು, ರೋಗಿಯ ವಿಡಿಯೋ ಮಾಡಿ ಫೇಸ್‌ಬುಕ್ಕಿಗೆ ವಾಟ್ಸಾಪಿಗೆ ಬಿಟ್ಟು, ಜನರಿಂದ ಹಣ ಎತ್ತಿ, ಅದ್ರಲ್ಲಿ ದೊಡ್ಡ ಪಾಲು ತಾವೇ ಇಟ್ಟುಕೊಂಡ ಒಂದು ಟ್ರಸ್ಟಿನಿಂದ ನಮ್ಮ ಅಕ್ಕನ ಮನೆಗೆ ಆದ ಅನ್ಯಾಯ ಇದು. ಟ್ರಸ್ಟಿನ ಹೆಸರು ಹಾಕುದಿಲ್ಲ, ಕಂಪ್ಲೇಂಟ್ ಕೊಟ್ಟಾಗಿದೆ, ಹೆಸರು ಎತ್ತುದು ಬೇಡ ಅಂತ ವಕೀಲರು ಹೇಳಿದ್ದಾರೆ. ಅವ್ರು ಕೆಲಸ ಮಾಡುವ ಕ್ರಮ ಹೇಗೆ ಅಂತ ಗೊತ್ತಾದ್ರೆ ಹೆಸರು ಇಲ್ಲದೆಯೂ ನಿಮ್ಗೆ ಗುರ್ತ ಸಿಗ್ತದೆ.

ಭಾವ ಅಡಿಕೆ ಮರಕ್ಕೆ ಹತ್ತಿ ಮದ್ದು ಬಿಡುವ, ಕೊಯ್ಯುವ ಕೆಲಸ ಮಾಡ್ತಾ ಇದ್ದವ್ರು, ಅಕ್ಕ ಬೀಡಿ ಕಟ್ತಾಳೆ. ಎರಡೂ ಕಿಡ್ನಿ ಹೋದ ಮೇಲೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ಮರ ಹತ್ತುದು ಅಲ್ಲಿಗೇ ನಿಂತಿತು. ಟ್ರಾನ್ಸ್‌ಪ್ಲಾಂಟ್ ಮಾಡುದಾದ್ರೆ ಅಕ್ಕನೇ ಕಿಡ್ನಿ ಕೊಡ್ಲಿಕ್ಕೆ ತಯಾರು, ಆದ್ರೆ ಖರ್ಚಿಗೆ ಎಂತ ಮಾಡುದು ಅಂತ ಎಲ್ರೂ ತಲೆ ಕೆಡಿಸ್ಕೊಂಡು ಕೂತಿರುವಾಗ ಊರಿನ ಒಬ್ಬ ಪರಿಚಯದವನ ಮೂಲಕ ಇವ್ರು ಬಂದ್ರು. ನಾನು ಆಗ ಊರಲ್ಲಿ ಇರ್ಲಿಲ್ಲ. ಆ ದಿವಸದ್ದನ್ನು ಅಕ್ಕ ಮತ್ತೆ ಅವಳ ಮಗಳು ಹೇಳಿದ ಹಾಗೆ ಬರೀತಾ ಇದ್ದೇನೆ.

ಮನೆಗೆ ಬಂದವ್ರು ಮೊದಲು ರೋಗಿಯನ್ನು ಮಾತಾಡಿಸ್ಲಿಲ್ಲ, ಮನೆ ನೋಡಿದ್ರು. ಗ್ಯಾಸ್ ಒಲೆಯನ್ನೂ ಮಿಕ್ಸಿಯನ್ನೂ ತೆಗೆದು ಒಳಗಿಡ್ಲಿಕ್ಕೆ ಹೇಳಿದ್ರು. ಗೋಡೆಯ ಬಣ್ಣ ಎದ್ದು ಹೋದ ಕಡೆ ಹುಡುಕಿ ಅಲ್ಲೇ ಭಾವನನ್ನು ಕೂರಿಸಿದ್ರು. ಅಕ್ಕನ ಕಿವಿಯಲ್ಲಿ ಇದ್ದದ್ದು ಒಂದು ಸಣ್ಣ ಬೆಂಡೋಲೆ, ಅದನ್ನೂ ತೆಗೆಸಿದ್ರು. ಡಯಾಲಿಸಿಸಿನ ಸೂಜಿ ಹಾಕ್ಲಿಕ್ಕೆ ಅಂತ ಆಪರೇಷನ್ ಮಾಡಿ ನರ ಜೋಡಿಸಿದ (ಫಿಸ್ಟುಲಾ) ಕೈಯ ನರ ಉಬ್ಬಿಕೊಂಡು ಇರ್ತದಲ್ಲ, ಆ ಕೈಯನ್ನು ಕ್ಯಾಮರಾದ ಹತ್ರ ಹಿಡಿಸಿ, ಅದ್ರ ಮೇಲೆ ಮಗಳ ಕೈ ಇಡಿಸಿದ್ರು. ಅಕ್ಕ ಸರಿ ಮಾತಾಡ್ತಾ ಇದ್ಲಂತೆ, ಅದಕ್ಕೆ ಅವ್ರಲ್ಲಿ ಒಬ್ಬ "ಚೇಚಿ, ಇಷ್ಟು ಗಟ್ಟಿ ಮಾತಾಡಿದ್ರೆ ಯಾರೂ ಹಣ ಹಾಕುದಿಲ್ಲ, ಸ್ವಲ್ಪ ಅಳ್ಬೇಕು" ಅಂತ ಹೇಳಿದನಂತೆ. ಹತ್ತನೇ ಕ್ಲಾಸಲ್ಲಿ ಓದುವ ಹುಡುಗಿ, ಅವಳ ಮುಖ ಬ್ಲರ್ ಮಾಡಿ ಅಂತ ಅಕ್ಕ ಕೇಳಿದ್ಲು, ಹೂಂ ಅಂದ್ರು, ಮಾಡ್ಲಿಲ್ಲ. ಆ ಮಗು ಎಷ್ಟೋ ದಿವಸ ಶಾಲೆಗೆ ಹೋಗ್ಲಿಕ್ಕೆ ಒಪ್ಪಲಿಲ್ಲ. ಹಣದ ವಿಷಯಕ್ಕಿಂತ ನನ್ಗೆ ಹೆಚ್ಚು ಸಿಟ್ಟು ಬರುದು ಇದಕ್ಕೇ.

ವಿಡಿಯೋ ಆದ ಮೇಲೆ ಬ್ಯಾಂಕಿಗೆ ಕರ್ಕೊಂಡು ಹೋಗಿ ಹೊಸ ಅಕೌಂಟ್ ಮಾಡಿಸಿದ್ರು, "ನಿಮ್ಮ ಹೆಸರಲ್ಲೇ, ನಮ್ಗೆ ಒಂದು ಪೈಸೆ ಬೇಡ" ಅಂತ ಹೇಳಿ. ಅಕ್ಕನ ಹೆಸರು ಇದ್ದದ್ದು ಹೌದು, ಆದ್ರೆ ಅದು ಜಾಯಿಂಟ್ ಅಕೌಂಟ್, ಎರಡನೇ ಹೆಸರು ಟ್ರಸ್ಟಿನವನದ್ದು, ಇಬ್ರಲ್ಲಿ ಯಾರು ಬೇಕಾದ್ರೂ ಒಬ್ರೇ ಸೈನ್ ಹಾಕಿ ಹಣ ತೆಗೀಬಹುದು ಅಂತ ಫಾರ್ಮಿನಲ್ಲಿ ಟಿಕ್ ಮಾಡಿತ್ತು. ಮೆಸೇಜ್ ಬರುವ ಮೊಬೈಲ್ ನಂಬರ್ ಕೂಡ ಅವನದ್ದೇ. ಹಣ ಬಂದದ್ದೂ ಹೋದದ್ದೂ ಅಕ್ಕನಿಗೆ ಗೊತ್ತಾಗುವ ದಾರಿಯೇ ಇರ್ಲಿಲ್ಲ. ಮೇಲಿಂದ ಒಂದು ಸ್ಟಾಂಪ್ ಪೇಪರಿಗೆ ಸೈನ್, ಪೂರ್ತಿ ಮಲಯಾಳದಲ್ಲಿ. ನಮ್ಮ ಕಡೆಯವ್ರಿಗೆ ಇದು ಹೊಸತಲ್ಲ ಅಲ್ವಾ, ಕನ್ನಡ ಶಾಲೆಯಲ್ಲಿ ಓದಿದವ್ರಿಗೆ ಮಲಯಾಳ ಮಾತಾಡ್ಲಿಕ್ಕೆ ಬರ್ತದೆ, ಬಸ್ಸಿನ ಬೋರ್ಡೂ ಓದ್ತೇವೆ, ಆದ್ರೆ ಸಣ್ಣ ಅಕ್ಷರದ ಎರಡು ಪೇಜಿನ ಕರಾರು ಓದಿ ಅರ್ಥ ಮಾಡ್ಲಿಕ್ಕೆ ಎಷ್ಟು ಜನರಿಗೆ ಆಗ್ತದೆ. ನಾನು ಊರಿಗೆ ಬಂದ ಮೇಲೆ ಮಲಯಾಳ ಟೀಚರ್ ಒಬ್ರತ್ರ ಅದನ್ನು ಸಾಲು ಸಾಲು ಓದಿಸಿದೆ. ಆಸ್ಪತ್ರೆ ಬಿಲ್ಲಿಗೆ ಎಷ್ಟು ಕೊಡ್ಬೇಕು ಅಂತ ಟ್ರಸ್ಟೇ ತೀರ್ಮಾನ ಮಾಡುದು, ಉಳಿದ ಹಣ ಬೇರೆ ರೋಗಿಗಳಿಗೋ ಟ್ರಸ್ಟಿನ ಖರ್ಚಿಗೋ ಬಳಸ್ಲಿಕ್ಕೆ ಮನೆಯವರ ಆಕ್ಷೇಪ ಇಲ್ಲ, ವಿಡಿಯೋ ಯಾವಾಗ ಬೇಕಾದ್ರೂ ಹಾಕುವ ಹಕ್ಕು ಟ್ರಸ್ಟಿಗೆ. ಎಲ್ಲ ಬರೆದಿಟ್ಟೇ ಸೈನ್ ತಗೊಂಡಿದ್ದಾರೆ.

ಬ್ಯಾಂಕಿನಲ್ಲಿ ಸ್ಟೇಟ್‌ಮೆಂಟ್ ತೆಗೆಸಿದಾಗ 14 ಲಕ್ಷದ ಮೇಲೆ ಬಂದಿತ್ತು. ನೂರು, ಇನ್ನೂರು, ಐನೂರು ಹಾಕಿದವ್ರ ಸಾಲು ಪೇಜುಗಟ್ಟಲೆ, ಗಲ್ಫಿನಲ್ಲಿ ಇರುವ ನಮ್ಮ ಊರಿನ ಹುಡುಗರ ಹೆಸರೂ ಕಂಡಿತು. ಅಕ್ಕನ ಕೈಗೆ ಬಂದದ್ದು 3 ಲಕ್ಷ. ಉಳಿದದ್ದು ಟ್ರಸ್ಟಿನ ಅಕೌಂಟಿಗೆ. ಕೇಳಿದ್ರೆ ಬೇರೆ ಬಡ ರೋಗಿಗಳಿಗೆ ಕೊಟ್ಟಿದ್ದೇವೆ, ವಿಡಿಯೋ ಬೂಸ್ಟ್ ಮಾಡ್ಲಿಕ್ಕೆ, ಅಂದ್ರೆ ಹಣ ಕೊಟ್ಟು ಹೆಚ್ಚು ಜನರಿಗೆ ಕಾಣಿಸ್ಲಿಕ್ಕೆ, ಖರ್ಚಾಗಿದೆ ಅಂತ. ಯಾವ ರೋಗಿ, ಯಾವ ಆಸ್ಪತ್ರೆ, ರಶೀದಿ ತೋರ್ಸಿ ಅಂದದ್ದಕ್ಕೆ ಫೋನ್ ಇಟ್ರು, ಮತ್ತೆ ಎತ್ತಲೇ ಇಲ್ಲ.

ಹೆಚ್ಚಾದ ಹಣವನ್ನು ಬೇರೆ ರೋಗಿಗೆ ಕೊಡುದು ತಪ್ಪು ಅಂತ ನಾನು ಹೇಳುದಲ್ಲ. 2021ರಲ್ಲಿ ಕಣ್ಣೂರಿನ ಮಾಟ್ಟೂಲಿನ ಒಂದು ಮಗುವಿಗೆ ಎಸ್‌ಎಂಎ ಅಂತ ಸ್ನಾಯು ಸೋತು ಹೋಗುವ ಕಾಯಿಲೆಗೆ 18 ಕೋಟಿಯ ಇಂಜೆಕ್ಷನ್ ಬೇಕಾದಾಗ ಕೆಲವೇ ದಿವಸದಲ್ಲಿ 46 ಕೋಟಿಗಿಂತ ಹೆಚ್ಚು ಬಂತು, ನಮ್ಮ ಜನ ಕೊಡುದರಲ್ಲಿ ಹಿಂದೆ ಇಲ್ಲ. ಅದೇ ವರ್ಷ ಕೇರಳ ಹೈಕೋರ್ಟು ಕೂಡ ಹೀಗೆ ಸಾರ್ವಜನಿಕರಿಂದ ಹಣ ಎತ್ತುದರ ಮೇಲೆ ಸರಕಾರದ ಹಿಡಿತ ಬೇಕು ಅಂತ ಹೇಳಿತ್ತು. ಲೆಕ್ಕ ಎಲ್ರಿಗೂ ಕಾಣುವ ಹಾಗೆ ಇದ್ರೆ ಯಾರಿಗೂ ತಕರಾರಿಲ್ಲ. ನಮ್ಮಲ್ಲೇ ವಾರ್ಡ್ ಮೆಂಬರು, ಕ್ಲಬ್ಬಿನವ್ರು, ಭಜನಾ ಮಂದಿರದವ್ರು, ಮಸೀದಿಯವ್ರು ಸೇರಿ ಚಿಕಿತ್ಸಾ ಸಹಾಯ ಸಮಿತಿ ಮಾಡುದುಂಟು, ಬಸ್ಸಿನವ್ರು ಕಾರುಣ್ಯ ಯಾತ್ರೆ ಅಂತ ಒಂದು ದಿವಸದ ಕಲೆಕ್ಷನ್ ಪೂರ್ತಿ ರೋಗಿಗೆ ಕೊಡುದುಂಟು. ಅಲ್ಲಿ ರಶೀದಿ ಪುಸ್ತಕ ಇರ್ತದೆ, ಕೇಳಿದ್ರೆ ಲೆಕ್ಕ ಹೇಳುವ ಮುಖ ಊರಲ್ಲೇ ಇರ್ತದೆ.

ನಮ್ಮ ಜಿಲ್ಲೆಯವ್ರು ಕ್ಯಾಮರಾದವ್ರನ್ನು ಇಷ್ಟು ಬೇಗ ನಂಬುದು ಯಾಕೆ ಅಂತ ಹೊರಗಿನವ್ರು ಕೇಳ್ತಾರೆ. ಗೇರುತೋಟಕ್ಕೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅಂತ ಕೀಟನಾಶಕ ಬಿಟ್ಟ ಊರು ಇದು. ಪಡ್ರೆಯಲ್ಲಿ ಡಾಕ್ಟರ್ ಮೋಹನ್ ಕುಮಾರ್ ಅವ್ರು ರೋಗಿಗಳನ್ನು ನೋಡಿ ನೋಡಿ ಇದು ಆ ಮದ್ದಿನಿಂದಲೇ ಅಂತ ಸಂಶಯಪಟ್ಟು, ಪತ್ರಕರ್ತ ಶ್ರೀಪಡ್ರೆಯವ್ರು ಬರೆದ ಮೇಲೆ ಹೊರಗಿನ ಲೋಕಕ್ಕೆ ಗೊತ್ತಾದದ್ದು. ಸಂತ್ರಸ್ತರಿಗೆ ಮೂರು ತಿಂಗಳೊಳಗೆ 5 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2017ರ ಜನವರಿಯಲ್ಲಿ. 2022ರಲ್ಲಿ ಅದೇ ಕೋರ್ಟಿನ ಮುಂದೆ ಲೆಕ್ಕ ಬಂದಾಗ 3704 ಜನರಲ್ಲಿ ಹಣ ಸಿಕ್ಕಿದ್ದು ಕೋರ್ಟಿಗೆ ಹೋದ 8 ಜನರಿಗೆ ಮಾತ್ರ. ಇಷ್ಟು ಕಾದು ಕಾದು ಸೋತವ್ರ ಮನೆ ಬಾಗಿಲಿಗೆ ಒಬ್ಬ ಬಂದು ನಾಳೆಯೇ ಹಣ ಬರ್ತದೆ ಅಂದ್ರೆ ಯಾರು ನಂಬುದಿಲ್ಲ ಹೇಳಿ. ಅಕ್ಕನನ್ನು ದಡ್ಡಿ ಅಂತ ಹೇಳುವವ್ರು ಒಂದು ವಾರ ಅವಳ ಜೊತೆ ಆಸ್ಪತ್ರೆಯ ಬೆಂಚಿನಲ್ಲಿ ಕೂತು ನೋಡ್ಲಿ.

ಈಗ ನೀವು ಎಂತ ಮಾಡ್ಬೇಕು ಅಂದ್ರೆ, ಹಣ ಬರುವ ಅಕೌಂಟ್ ಮನೆಯವರ ಹೆಸರಲ್ಲಿ ಮಾತ್ರ ಇರ್ಬೇಕು, ಜಾಯಿಂಟ್ ಮಾಡ್ಲೇಬೇಕು ಅಂತಾದ್ರೆ ಇಬ್ರೂ ಸೈನ್ ಹಾಕಿದ್ರೆ ಮಾತ್ರ ಹಣ ತೆಗೀಲಿಕ್ಕೆ ಆಗುವ ಹಾಗೆ ಬರೆಸಿ, ಮೊಬೈಲ್ ನಂಬರ್ ನಿಮ್ಮದೇ ಕೊಡಿ, ಖಾಲಿ ಚೆಕ್ಕಿಗೆ ಯಾವ ಕಾರಣಕ್ಕೂ ಸೈನ್ ಬೇಡ. ಅಕೌಂಟ್ ಆಗ್ಲೇ ಮಾಡಿಯಾಗಿದ್ರೆ ಇವತ್ತೇ ಬ್ಯಾಂಕಿಗೆ ಹೋಗಿ ಹಣ ತೆಗೆಯುದನ್ನು ನಿಲ್ಸಿ ಅಂತ ಬರವಣಿಗೆಯಲ್ಲಿ ಕೊಟ್ಟು ಸೀಲ್ ಹಾಕಿದ ಕಾಪಿ ಇಟ್ಕೊಳ್ಳಿ. ಕಾಗದ ಕನ್ನಡದಲ್ಲಿ ಕೊಡಿ ಅಂತ ಕೇಳಿ, ನಿಜವಾಗಿ ಸಹಾಯ ಮಾಡುವವ್ರು ಅಷ್ಟಕ್ಕೆ ಬೇಸರ ಮಾಡುದಿಲ್ಲ. ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ತೋರ್ಸಿದ ಕೂಡ್ಲೇ ನಂಬಬೇಡಿ, ಟ್ರಸ್ಟ್ ರಿಜಿಸ್ಟರ್ ಮಾಡ್ಸುದು ದೊಡ್ಡ ಕೆಲಸ ಅಲ್ಲ, ಇವ್ರದ್ದೂ ರಿಜಿಸ್ಟರ್ ಆದ ಟ್ರಸ್ಟೇ. ಮೊದಲು ಸಹಾಯ ಮಾಡಿದ ಮನೆಗಳ ನಂಬರ್ ಕೇಳಿ ನೀವೇ ಫೋನ್ ಮಾಡಿ. ಕಿಡ್ನಿ ಕೊಡುವವ್ರನ್ನೂ ನಾವೇ ಹುಡುಕಿ ಕೊಡ್ತೇವೆ ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ, ಅಂಗಾಂಗ ಹಣಕ್ಕೆ ಕೊಡುದು ತಗೊಳ್ಳುದು 1994ರ ಕಾನೂನಿನಲ್ಲಿ ಜೈಲಿಗೆ ಹೋಗುವ ಅಪರಾಧ.

ವಿಡಿಯೋ ಮಾಡದೆ ಸಿಗುವ ಸಹಾಯವೂ ಉಂಟು, ಅದನ್ನು ಮೊದಲು ನೋಡಿ. ಕೇರಳ ಸರಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡ್ ಇದ್ರೆ ವರ್ಷಕ್ಕೆ ಒಂದು ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಂಟು, ಆದ್ರೆ ನೀವು ಹೋಗುವ ಆಸ್ಪತ್ರೆಯಲ್ಲಿ, ಮುಖ್ಯವಾಗಿ ಮಂಗಳೂರಿಗೆ ಹೋಗುದಾದ್ರೆ, ಆ ಕಾರ್ಡ್ ನಡೀತದಾ ಅಂತ ಅಡ್ಮಿಟ್ ಆಗುವ ಮೊದಲೇ ಕೌಂಟರಿನಲ್ಲಿ ಕೇಳಿ. ಸರಕಾರಿ ಆಸ್ಪತ್ರೆಯಲ್ಲೂ ಡಯಾಲಿಸಿಸ್ ಉಂಟು, ಸರಕಾರದ ಆರೋಗ್ಯ ಸಹಾಯವಾಣಿ ದಿಶಾದ 1056ಕ್ಕೆ ಫೋನ್ ಮಾಡಿದ್ರೆ ಮಾಹಿತಿ ಕೊಡ್ತಾರೆ. ಹಾಸಿಗೆ ಹಿಡಿದವ್ರಿಗೆ ಪಂಚಾಯತಿನ ಪಾಲಿಯೇಟಿವ್ (ನೋವು ಕಮ್ಮಿ ಮಾಡಿ ಆರೈಕೆ ಮಾಡುವ) ನರ್ಸ್ ಮನೆಗೇ ಬಂದು ಹುಣ್ಣಿಗೆ ಡ್ರೆಸ್ಸಿಂಗ್ ಮಾಡ್ತಾರೆ, ಕ್ಯಾಥೆಟರ್ ಬದಲಾಯಿಸ್ತಾರೆ. ಕೋಝಿಕ್ಕೋಡಿನಲ್ಲಿ 1993ರಲ್ಲಿ ಸಣ್ಣದಾಗಿ ಶುರುವಾದ ಕೆಲಸ, 2008ರಲ್ಲಿ ಸರಕಾರವೇ ಪಾಲಿಸಿ ಮಾಡಿ ಪಂಚಾಯತಿಗೆ ತಂತು. ನಮ್ಮ ಭಾವನ ಅಮ್ಮ ಮಲಗಿದಲ್ಲೇ ಇದ್ದಾಗ ಬರ್ತಿದ್ದ ಸಿಸ್ಟರ್ ಒಂದು ಫೋಟೋ ತೆಗೆದದ್ದು ನಾನು ನೋಡ್ಲಿಲ್ಲ, ಬಂದವ್ರು ಮೊದಲು ಅಜ್ಜಿಯ ಕೈ ಹಿಡಿದು ಊಟ ಆಯ್ತಾ ಅಂತ ಕೇಳ್ತಿದ್ರು.

ಭಾವನ ಟ್ರಾನ್ಸ್‌ಪ್ಲಾಂಟ್ ಆಗ್ಲಿಲ್ಲ ಇನ್ನೂ, ಡಯಾಲಿಸಿಸ್ ನಡೀತಾ ಉಂಟು, ಈಗ ಊರಿನವ್ರು ಸಮಿತಿ ಮಾಡಿದ್ದಾರೆ. ಆ ಹಳೇ ವಿಡಿಯೋವನ್ನು ಬೇರೆ ಕ್ಯೂಆರ್ ಕೋಡ್ ಹಾಕಿ ಈಗಲೂ ಓಡಿಸ್ತಾ ಇದ್ದಾರೆ, ಹೋದ ವಾರ ಕೂಡ ಒಬ್ರು ನನ್ಗೇ ಫಾರ್ವರ್ಡ್ ಮಾಡಿದ್ರು. ಯಾವುದೇ ರೋಗಿಯ ವಿಡಿಯೋ ಬಂದ್ರೂ ಹಣ ಹಾಕುವ ಮೊದಲು ಸ್ಕ್ಯಾನ್ ಮಾಡಿದಾಗ ಬರುವ ಹೆಸರು ರೋಗಿಯ ಮನೆಯವ್ರದ್ದಾ ಅಂತ ನೋಡಿ, ಆ ಊರಿನಲ್ಲಿ ಗುರ್ತದವ್ರಿದ್ರೆ ಕೇಳಿ. ಹಾಕಿ ಮೋಸ ಹೋದದ್ದು ಗೊತ್ತಾದ್ರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಇಂಥದ್ದೇ ಅನುಭವ ಆದ ಮನೆಯವ್ರು ಇದ್ರೆ ನನ್ಗೆ ಮೆಸೇಜ್ ಹಾಕಿ, ಒಂದೇ ಮನೆಯ ಕಂಪ್ಲೇಂಟಿಗಿಂತ ನಾಲ್ಕು ಮನೆಯವ್ರು ಒಟ್ಟಿಗೆ ಕೊಟ್ರೆ ಕೇಸಿಗೆ ಬಲ ಬರ್ತದೆ ಅಂತ ವಕೀಲರು ಹೇಳಿದ್ದಾರೆ, ಹೆಸರು ಎಲ್ಲೂ ಹೊರಗೆ ಬಿಡುದಿಲ್ಲ.